ತಲೆಗೆ ಪೆಟ್ಟು ಬಿದ್ದವನನ್ನು ಮತ್ತೆ ರೇಡ್‌ಗೆ ಕಳಿಸಬೇಡಿ

ಮಾನ್ಯ ಸಂಪಾದಕರೇ,

ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಶಾಲಾ ಕ್ರೀಡಾಕೂಟವಿರಲಿ, ಸುಗ್ಗಿಯ ನಂತರದ ಹೊನಲು ಬೆಳಕಿನ ಪಂದ್ಯಾವಳಿಯಿರಲಿ, ಜನ ಸೇರುವುದು ಕಬಡ್ಡಿ ಅಂಕಣದ ಸುತ್ತಲೇ. ಈ ಆಟದಲ್ಲಿ ಕೈ ಮುರಿದರೆ ಎಲ್ಲರಿಗೂ ಕಾಣುತ್ತದೆ, ಆದರೆ ತಲೆಗೆ ಬಿದ್ದ ಪೆಟ್ಟನ್ನು ಸಂಘಟಕರಾಗಲಿ ತರಬೇತುದಾರರಾಗಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ.

ಎದುರಾಳಿ ಅಂಕಣಕ್ಕೆ ನುಗ್ಗಿದ ರೇಡರ್ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆಗೆ ಕಾಲು ಚಾಚಿದೊಡನೆ ಮೂಲೆ ಕಾಯುವ ಕಾರ್ನರ್‌ನ ಹುಡುಗ ತಲೆ ತಗ್ಗಿಸಿ ಪಾದಕ್ಕೆ ಹಾರುತ್ತಾನೆ. ಹಿಡಿತ ತಪ್ಪಿ ರೇಡರ್ ಕಾಲು ಎಳೆದುಕೊಂಡಾಗ ಮೊಣಕಾಲು ನೇರವಾಗಿ ಅವನ ಹಣೆಗೆ ಬಡಿಯುತ್ತದೆ. ಇಬ್ಬರು ಒಮ್ಮೆಲೇ ತೊಡೆಗೆ ಕೈ ಹಾಕಲು ನುಗ್ಗಿದರೆ ಅವರ ತಲೆಗಳೇ ಡಿಕ್ಕಿಯಾಗುತ್ತವೆ. ಆಮೇಲೆ ಮುಖಕ್ಕೆ ನೀರು, ‘ಏನಾಗಿಲ್ಲ, ಏಳೋ’ ಎಂಬ ಮಾತು, ಚಪ್ಪಾಳೆ, ಮುಂದಿನ ರೇಡ್. ಹೀಗೆ ಎದ್ದ ಹುಡುಗನೊಬ್ಬ ದಿಕ್ಕು ತಿಳಿಯದೆ ಎದುರಾಳಿಗಳ ಅಂಕಣದಲ್ಲಿ ಹೋಗಿ ನಿಂತಾಗ ಪ್ರೇಕ್ಷಕರು ನಕ್ಕದ್ದನ್ನೂ, ಮೈಕ್ ಹಿಡಿದವರು ಅದಕ್ಕೊಂದು ತಮಾಷೆ ಸೇರಿಸಿದ್ದನ್ನೂ ಕಂಡಿದ್ದೇನೆ. ಅಂಥ ಗಲಿಬಿಲಿ ಕನ್ಕಷನ್‌ನ, ಅಂದರೆ ಮಿದುಳಿಗೆ ಆದ ಆಘಾತದ, ಸ್ಪಷ್ಟ ಲಕ್ಷಣ. ಅದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಸಿ.ಟಿ. ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಮಿದುಳು ಚೇತರಿಸಿಕೊಳ್ಳುವ ಮೊದಲೇ ಎರಡನೇ ಪೆಟ್ಟು ಬಿದ್ದರೆ ಅದು ಊದಿಕೊಂಡು ಪ್ರಾಣಕ್ಕೇ ಎರವಾದೀತು. ಇದು ಅಪರೂಪವೇ ಹೌದು, ಆದರೆ ಹೆಚ್ಚಾಗಿ ವರದಿಯಾಗಿರುವುದು ಎಳೆಯ ಆಟಗಾರರಲ್ಲೇ.

ಅಮೆರಿಕದ ವಾಷಿಂಗ್ಟನ್ ರಾಜ್ಯವು 2009ರಲ್ಲೇ, ಕನ್ಕಷನ್ ಶಂಕೆ ಬಂದ ಕಿರಿಯ ಆಟಗಾರನನ್ನು ಕೂಡಲೇ ಹೊರಗೆ ಕರೆಯಬೇಕು, ಪರಿಣತರ ಲಿಖಿತ ಒಪ್ಪಿಗೆಯಿಲ್ಲದೆ ಮತ್ತೆ ಇಳಿಸಬಾರದು ಎಂದು ಕಾನೂನು ಮಾಡಿತು. ಕ್ರಿಕೆಟ್‌ನಲ್ಲಿ ತಲೆಗೆ ಪೆಟ್ಟಾದವನ ಬದಲಿಗೆ ಇನ್ನೊಬ್ಬನನ್ನು ಆಡಿಸಲು 2019ರಲ್ಲಿ ಹೊಸ ನಿಯಮವನ್ನೇ ತರಬೇಕಾಯಿತು. ಕಬಡ್ಡಿಗೆ ಆ ತೊಡಕೂ ಇಲ್ಲ. ಏಳು ಮಂದಿ ಅಂಕಣದಲ್ಲಿದ್ದರೆ ಐವರು ಬದಲಿ ಆಟಗಾರರು ಪಕ್ಕದಲ್ಲೇ ಕುಳಿತಿರುತ್ತಾರೆ. ಇಲ್ಲದಿರುವುದು, ತಂಡದ ಒಳ್ಳೆಯ ರೇಡರ್‌ನನ್ನು ಫೈನಲ್‌ನಲ್ಲಿ ಹೊರಗೆ ಕೂರಿಸುವ ಧೈರ್ಯ.

ಆದ್ದರಿಂದ ಆ ತೀರ್ಮಾನವನ್ನು ತಂಡಕ್ಕೆ ಬಿಡದೆ ಅಂಪೈರ್‌ಗಳಿಗೆ ಕೊಡಬೇಕು. ಶಂಕೆ ಬಂದರೆ ಆಟಗಾರ ಆ ದಿನ ಮತ್ತೆ ಅಂಕಣಕ್ಕೆ ಇಳಿಯಕೂಡದು. ವಾಂತಿ, ಹೆಚ್ಚುತ್ತಿರುವ ತಲೆನೋವು, ತೂಕಡಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಮಿದುಳಿನ ಶಸ್ತ್ರಚಿಕಿತ್ಸೆ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದತ್ತ ಓಡುವ ನಮ್ಮ ಜಿಲ್ಲೆಯಲ್ಲಿ ಒಂದೊಂದು ಗಂಟೆಯೂ ದುಬಾರಿ. ಆಳೆತ್ತರದ ಟ್ರೋಫಿಗೆ, ಧ್ವನಿವರ್ಧಕಕ್ಕೆ ಹಣ ಹೊಂದಿಸುವ ಸಂಘಟಕರು ಒಂದು ವಾಹನವನ್ನು ಅಂಕಣದ ಬಳಿ ಸಿದ್ಧವಾಗಿಡುವುದು ಕಷ್ಟವೇನಲ್ಲ. ತಲೆ ಎತ್ತಿಯೇ ಹಿಡಿಯುವುದನ್ನು, ತಲೆಯನ್ನು ಎದುರಾಳಿಯ ಮೊಣಕಾಲಿನ ಎದುರಿಗಲ್ಲದೆ ಬದಿಗೆ ಇಡುವುದನ್ನು ಶಾಲೆಯ ಹಂತದಲ್ಲೇ ರೂಢಿಸಬೇಕು.

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮುನ್ನ ಸೇರುವ ದೈಹಿಕ ಶಿಕ್ಷಣ ಶಿಕ್ಷಕರು ಇಷ್ಟನ್ನು ತಾವೇ ಒಪ್ಪಿಕೊಂಡು ಈ ವರ್ಷದಿಂದಲೇ ಜಾರಿಗೆ ತರಬಹುದು; ಮೇಲಿನ ಸುತ್ತೋಲೆಗೆ ಕಾಯಬೇಕಾಗಿಲ್ಲ.

– ಕಬಡ್ಡಿ ಆಸಕ್ತ, ಅಂಕೋಲಾ