ಬೂಟ್‌ಕ್ಯಾಂಪ್‌ಗೆ ಸೇರಲಾ ಅಂತ ಕೇಳಿದೆಯಲ್ಲ, ಮಂಜು

ಮಂಜು,

ಕೆಲವೇ ತಿಂಗಳಲ್ಲಿ ಕೋಡಿಂಗ್ ಕಲಿಸಿ ಕೆಲಸಕ್ಕೆ ತಯಾರು ಮಾಡುತ್ತೇವೆ ಅನ್ನುವ ಆ ಬೂಟ್‌ಕ್ಯಾಂಪ್‌ನ ಬ್ರೋಷರ್ ಕಳಿಸಿದ್ದೆಯಲ್ಲ, ಪೂರ್ತಿ ಓದಿದೆ. ನನ್ನ ಮಾತು ಕೇಳುವುದಾದರೆ ಈಗಲೇ ದುಡ್ಡು ಕಟ್ಟಬೇಡ, ಪೀಣ್ಯದ ಫ್ಯಾಕ್ಟರಿ ಕೆಲಸಕ್ಕೆ ರಾಜೀನಾಮೆಯನ್ನಂತೂ ಕೊಡಲೇಬೇಡ.

ನೂರಕ್ಕೆ ತೊಂಬತ್ತು ಜನಕ್ಕೆ ಕೆಲಸ ಸಿಕ್ಕಿದೆ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ, ಸರಿ. ಯಾವ ನೂರು ಜನ? ನಡುವೆ ಬಿಟ್ಟು ಹೋದವರನ್ನು ಲೆಕ್ಕಕ್ಕೆ ಹಿಡಿದಿದ್ದಾರಾ? ಅಮೆರಿಕದಲ್ಲಿ ಬ್ಲೂಮ್‌ಟೆಕ್ ಅಂತ ಇಂಥದ್ದೇ ಒಂದು ಬೂಟ್‌ಕ್ಯಾಂಪ್ ಇತ್ತು, ಮೊದಲು ಲ್ಯಾಂಬ್ಡಾ ಸ್ಕೂಲ್ ಅನ್ನುತ್ತಿದ್ದರು. ಜಾಹೀರಾತಿನಲ್ಲಿ ಶೇ 71ರಿಂದ 86 ಜನಕ್ಕೆ ಕೆಲಸ ಅಂತಿತ್ತು. ಒಳಗಿನ ಲೆಕ್ಕದಲ್ಲಿ ಅದು ಶೇ 50ರ ಹತ್ತಿರ, ಕೆಲವು ಬ್ಯಾಚ್‌ಗಳಲ್ಲಿ 30 ಅಷ್ಟೇ ಅಂತ ಸಾಲದ ವಿಷಯದಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಸಿಎಫ್‌ಪಿಬಿ 2024ರ ಏಪ್ರಿಲ್‌ನಲ್ಲಿ ಹೇಳಿತು, ಬ್ಲೂಮ್‌ಟೆಕ್ ಇನ್ನು ಮುಂದೆ ವಿದ್ಯಾರ್ಥಿಗಳಿಗೆ ಸಾಲ ಕೊಡುವಂತಿಲ್ಲ ಅಂತಲೂ ಆದೇಶ ಮಾಡಿತು. ನಿನ್ನ ಬ್ರೋಷರ್‌ನವರೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಹೋದ ಬ್ಯಾಚ್‌ನವರನ್ನು ಲಿಂಕ್ಡ್‌ಇನ್‌ನಲ್ಲಿ ನೀನೇ ಹುಡುಕಿ ಮಾತಾಡಿಸು. ಇನ್‌ಸ್ಟಿಟ್ಯೂಟ್‌ನವರು ಕೊಟ್ಟ ನಂಬರ್‌ಗಳು ಬೇಡ.

ಇನ್ನು ಆ ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯಿಲ್ಲ ಅನ್ನುವ ತಿಂಗಳ ಕಂತು. ಕೋರ್ಸ್ ನಡೆಸುವವರು ಒಬ್ಬರು, ಸಾಲ ಕೊಡುವ ಫೈನಾನ್ಸ್ ಕಂಪನಿ ಇನ್ನೊಂದು. ಪಾಠ ಚೆನ್ನಾಗಿಲ್ಲ ಅಂತ ಎರಡನೇ ತಿಂಗಳಿಗೇ ನೀನು ಬಿಟ್ಟರೂ ಕಂತು ನಿನ್ನ ಹೆಸರಲ್ಲೇ ಓಡುತ್ತಿರುತ್ತದೆ, ತಪ್ಪಿದರೆ ಸಾಲ ಸರಿಯಾಗಿ ತೀರಿಸುತ್ತೀಯಾ ಅಂತ ಬ್ಯಾಂಕ್‌ನವರು ನೋಡುವ ಸಿಬಿಲ್ ಸ್ಕೋರ್ ಕೆಡುತ್ತದೆ, ಆಮೇಲೆ ಮನೆ ಸಾಲಕ್ಕೆ ಹೋದಾಗ ಪರದಾಡಬೇಕು. ಫೀಸ್ ಮೇಲೆ ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಅದನ್ನೂ ಕೇಳು.

2021ರಲ್ಲಿ ಐಟಿ ಕಂಪನಿಗಳು ಸಿಕ್ಕಸಿಕ್ಕವರನ್ನೆಲ್ಲ ತಗೊಂಡವು, ಅಲ್ವಾ? ಈಗ ಹಾಗಿಲ್ಲ. ಹೊಸಬರು ಮಾಡುತ್ತಿದ್ದ ಚಿಕ್ಕಪುಟ್ಟ ವೆಬ್ ಪೇಜ್ ಕೆಲಸವನ್ನು ಎಐ ಸುಮಾರಾಗಿ ಮಾಡಿಬಿಡುತ್ತದೆ.

ಹಾಗಂತ ಸುಮ್ನೆ ಕೂರಬೇಡ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮೇಷ್ಟ್ರುಗಳು ಹೇಳಿಕೊಡುವ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಾಠ ಪುಕ್ಕಟೆ ಇದೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಫೀಸ್. ಸ್ವಲ್ಪ ಕೈ ಕುದುರಿದ ಮೇಲೆ ನಿನ್ನ ಇನ್‌ಸ್ಪೆಕ್ಷನ್ ರಿಪೋರ್ಟನ್ನೇ ಹಿಡಿ. ಶಾಫ್ಟ್‌ಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಎಕ್ಸೆಲ್‌ಗೆ ತುಂಬುತ್ತೀಯಲ್ಲ, ಆ ಫೈಲ್ ಓದಿ 25 ಮಿ.ಮೀ.ಯಿಂದ 0.02 ಮಿ.ಮೀ.ಗಿಂತ ಹೆಚ್ಚು ಆಚೀಚೆ ಇರುವುದನ್ನೆಲ್ಲ ಬೇರೆ ಮಾಡುವ ಪ್ರೋಗ್ರಾಂ ಬರಿ. ಯಾವನೋ ಅಂಕಿ ಹಾಕುವ ಜಾಗದಲ್ಲಿ 'ಓಕೆ' ಅಂತ ಟೈಪ್ ಮಾಡಿರುತ್ತಾನೆ, ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಎರರ್ ಓದು, ಸರಿ ಮಾಡು, ಮತ್ತೆ ಓಡಿಸು, ಮತ್ತೆ ಇನ್ನೆಲ್ಲೋ ನಿಲ್ಲುತ್ತದೆ. ನಾನು ದಿನಾ ಮಾಡುವುದು ಜಾಸ್ತಿ ಇದನ್ನೇ ಕಣೋ. ರಾತ್ರಿ ಹನ್ನೊಂದಾದರೂ ಎದ್ದು ಹೋಗಲು ಮನಸ್ಸಾಗದಿದ್ದರೆ ಈ ಕೆಲಸ ನಿನಗೆ ಒಗ್ಗುತ್ತದೆ. ಮೂರು ದಿನಕ್ಕೇ ಬೇಜಾರಾದರೆ ಲಕ್ಷಗಟ್ಟಲೆ ಉಳಿಯಿತು.

ಇಷ್ಟವಾಗಿ, ಆದರೆ ಒಬ್ಬನೇ ಕೂತು ಮುಂದುವರಿಯೋಕೆ ಆಗುತ್ತಿಲ್ಲ ಅನ್ನಿಸಿದರೆ, ಆಗ ವೀಕೆಂಡ್ ಬ್ಯಾಚ್ ಸೇರು. ತಿದ್ದುವವರು, ಜೊತೆಗೆ ನಾಲ್ಕು ಜನ, ಅಷ್ಟಕ್ಕೆ ಫೀಸ್ ಕೊಡಬಹುದು. ಮೆಷಿನ್ ಶಾಪ್ ಗೊತ್ತಿದ್ದು ಕೋಡೂ ಬರೆಯುವವರು ಎಷ್ಟು ಜನ ಇದ್ದಾರೆ ಹೇಳು? ಆ ಅನುಭವ ಬಿಟ್ಟು ಇಪ್ಪತ್ತೆರಡರ ಹುಡುಗರ ಜೊತೆ ಸೊನ್ನೆಯಿಂದ ಯಾಕೆ ಶುರು ಮಾಡುತ್ತೀಯಾ?

ಲೋನ್ ಪೇಪರ್‌ಗಳ ಫೋಟೋ ವಾಟ್ಸಾಪ್ ಮಾಡು, ಓದಿ ಹೇಳುತ್ತೇನೆ. ಶನಿವಾರದೊಳಗೆ ಕಟ್ಟಿದರೆ ಡಿಸ್ಕೌಂಟ್ ಅಂತ ಅವರು ಫೋನ್ ಮಾಡುತ್ತಲೇ ಇರುತ್ತಾರೆ, ಎತ್ತಬೇಡ. ಮುಂದಿನ ವಾರವೂ ಅದೇ ಡಿಸ್ಕೌಂಟ್ ಇರುತ್ತದೆ.

ನಿನ್ನ,
ರವಿ