ಸಿಂಗಪುರದೊಂದಿಗೆ ಜೋಡಣೆ, ಊರಿನೊಂದಿಗೆ ಇಲ್ಲ

ಸಂಪಾದಕರಿಗೆ,

ಮಾನ್ಯರೇ,

2023ರ ಫೆಬ್ರವರಿಯಲ್ಲಿ ನಮ್ಮ ಯುಪಿಐ ಸಿಂಗಪುರದ ಹಣಪಾವತಿ ವ್ಯವಸ್ಥೆ ಪೇನೌ ಜೊತೆ ಜೋಡಣೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಶೃಂಗಸಭೆ ಆಧಾರ್, ಯುಪಿಐಯಂಥ ಡಿಜಿಟಲ್ ಸಾರ್ವಜನಿಕ ಮೂಲಸೌಕರ್ಯದ ಚೌಕಟ್ಟನ್ನು ಸ್ವಾಗತಿಸಿತು. ಮರುವರ್ಷ ವಿಶ್ವಸಂಸ್ಥೆಯಲ್ಲಿ ಜಾಗತಿಕ ಡಿಜಿಟಲ್ ಒಪ್ಪಂದ ಅಂಗೀಕಾರವಾಯಿತು. ಸಂತೋಷವೇ. ಆದರೆ ಮುಂಬಯಿಯಲ್ಲಿ ನೆಲೆಸಿ ಊರಿನಲ್ಲಿ ತುಂಡು ಜಮೀನು ಉಳಿಸಿಕೊಂಡಿರುವ ನನ್ನಂಥ ಕನ್ನಡಿಗರಿಗೆ, ಎರಡು ರಾಜ್ಯಗಳ ಕಚೇರಿಗಳು ಒಂದರ ದಾಖಲೆಯನ್ನು ಇನ್ನೊಂದು ನಂಬದಿರುವುದೇ ದೊಡ್ಡ ತೊಡಕಾಗಿದೆ.

ಕರ್ನಾಟಕ ಸರ್ಕಾರವು ಪಹಣಿಗೆ ಆಧಾರ್ ಜೋಡಿಸುವ ಕೆಲಸ ಕೈಗೆತ್ತಿಕೊಂಡಿದೆ. ಯಾರದೋ ಜಮೀನನ್ನು ಇನ್ಯಾರೋ ಮಾರುವುದನ್ನು ತಡೆಯುವ ಈ ಕ್ರಮದಿಂದ ದೂರದಲ್ಲಿರುವ ನಮಗೇ ಹೆಚ್ಚು ಪ್ರಯೋಜನ. ನನ್ನ ತಾಯಿಯ ಹೆಸರು ಪಹಣಿಯಲ್ಲಿ ‘ಕಮಲ ಕೋಂ’ (ಕೋಂ ಎಂದರೆ ಹೆಂಡತಿ) ಎಂದು ತೊಡಗಿ ತಂದೆಯವರ ಹೆಸರಿನೊಂದಿಗೆ ಮುಗಿಯುತ್ತದೆ. ಘಾಟ್ಕೋಪರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ, ಇಲ್ಲಿನ ರೂಢಿಯಂತೆ, ಅವರು ‘ಕಮಲಾಬಾಯಿ’; ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಇಬ್ಬರೂ ಒಬ್ಬರೇ ಎಂಬುದಕ್ಕೆ ಅಫಿಡವಿಟ್ ತನ್ನಿ ಎಂದರು ಊರಿನ ಕಚೇರಿಯಲ್ಲಿ. ಒಯ್ದದ್ದು ಮರಾಠಿಯಲ್ಲಿತ್ತೆಂದು ಹಿಂದಿರುಗಿಸಿದರು. ಇಂಗ್ಲಿಷಿನಲ್ಲಿ ಮಾಡಿಸಿಕೊಂಡು ಹೋದರೆ, ಒಟಿಪಿ ಹೋದದ್ದು ತೀರಿಹೋದ ತಂದೆಯವರ ಮೊಬೈಲ್ ನಂಬರಿಗೆ. ಎಂಬತ್ತು ದಾಟಿದ ತಾಯಿಯನ್ನು ಮತ್ಸ್ಯಗಂಧ ರೈಲಿನಲ್ಲಿ ಎರಡು ಬಾರಿ ಕರೆದೊಯ್ದು ತಂದಿದ್ದೇನೆ. ಕೆಲಸ ಇನ್ನೂ ಆಗಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆದರೆ ಇಲ್ಲಿ ತಪ್ಪು ಯಾವುದು? ಎರಡು ಹೆಸರೂ ಸರಿಯೇ. ಆಧಾರ್ ತಿದ್ದಿಸಿದರೆ ಇಲ್ಲಿನ ಪಿಂಚಣಿ, ಬ್ಯಾಂಕ್ ಖಾತೆಗಳಿಗೆ ತೊಂದರೆ. ಪಹಣಿ ತಿದ್ದಿಸಹೋದರೆ ಹಳೆಯ ದಸ್ತಾವೇಜುಗಳಿಗೂ ಅದಕ್ಕೂ ತಾಳೆಯಾಗದು.

ಫಿನ್ಲೆಂಡ್ ಮತ್ತು ಎಸ್ಟೋನಿಯಾಗಳು ಬೇರೆ ಬೇರೆ ಭಾಷೆಯ, ಸ್ವತಂತ್ರ ರಾಷ್ಟ್ರಗಳು. ದತ್ತಾಂಶ ವಿನಿಮಯದ ಎಕ್ಸ್-ರೋಡ್ ವ್ಯವಸ್ಥೆಯನ್ನು ನೋಡಿಕೊಳ್ಳಲು ಅವು 2017ರಲ್ಲಿ ಜಂಟಿ ಸಂಸ್ಥೆಯೊಂದನ್ನು ಕಟ್ಟಿದವು. ಫಿನ್ಲೆಂಡಿನ ವೈದ್ಯರು ಬರೆದ ಡಿಜಿಟಲ್ ಔಷಧಚೀಟಿಗೆ 2019ರಿಂದ ಎಸ್ಟೋನಿಯಾದ ಅಂಗಡಿಗಳಲ್ಲಿ ಮದ್ದು ಸಿಗುತ್ತಿದೆ. ಯಾರ ದಾಖಲೆಯನ್ನು ಯಾರು, ಎಷ್ಟರ ಮಟ್ಟಿಗೆ ನಂಬಬೇಕೆಂಬ ಒಪ್ಪಂದವಿಲ್ಲದೆ ಬರೀ ತಂತ್ರಾಂಶದಿಂದ ಇದು ಆಗುತ್ತಿರಲಿಲ್ಲ. ಗಡಿ ವಿವಾದಕ್ಕಾಗಿ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಎದುರುಬದುರಾಗಿರುವ ನಮ್ಮ ಎರಡು ರಾಜ್ಯಗಳಿಗೆ ಅಷ್ಟು ಸೌಹಾರ್ದವನ್ನು ಹೇಳಿಕೊಡುವುದು ಕಷ್ಟವಿರಬಹುದು. ಆದರೂ ಮುಂಬಯಿಯ ತಹಶೀಲ್ದಾರರು ಗುರುತು ಪರಿಶೀಲಿಸಿ ಕಳುಹಿಸಿದ ದೃಢೀಕರಣವನ್ನು ಕರ್ನಾಟಕದ ತಾಲ್ಲೂಕು ಕಚೇರಿ ಆನ್‌ಲೈನಿನಲ್ಲೇ ಒಪ್ಪಿಕೊಳ್ಳುವಂತೆ ಎರಡೂ ಕಂದಾಯ ಇಲಾಖೆಗಳು ಕೂತು ಮಾತನಾಡಲು ಯಾರ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ಸಣ್ಣದೊಂದು ಉಪಾಯವಿದೆ. ನಮ್ಮ ಕರಾವಳಿಯ ದಸ್ತಾವೇಜು ಬರಹಗಾರರು ಇಂಥ ತೊಡಕನ್ನು ‘ಯಾನೆ’ ಎಂಬ ಒಂದೇ ಪದದಿಂದ ಬಗೆಹರಿಸುತ್ತಿದ್ದರು: ಕಮಲ ಯಾನೆ ಕಮಲಾಬಾಯಿ. ಆಧಾರ್ ಜೋಡಣೆಯ ಅರ್ಜಿಯಲ್ಲಿ ಆ ‘ಯಾನೆ’ಗೆ ಒಂದು ಕಾಲಂ ಕೊಡಬೇಕೆಂದು ಕಂದಾಯ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಘಾಟ್ಕೋಪರ್, ಮುಂಬಯಿ