ಪೂರ್ವಪ್ರದರ್ಶನದ ಮೆಚ್ಚುಗೆ ಯಾರಿಗಾಗಿ?

ಮಾನ್ಯ ಸಂಪಾದಕರೇ,

ಕನ್ನಡ ಚಿತ್ರಗಳ ಪೂರ್ವಪ್ರದರ್ಶನದಲ್ಲಿ ಪ್ರೇಕ್ಷಕರ ನಿಜವಾದ ಅಭಿಪ್ರಾಯ ಕೇಳುವ ವ್ಯವಸ್ಥೆಯೇ ಇಲ್ಲದಿರುವುದು ವಿಷಾದನೀಯ. ಇತ್ತೀಚೆಗೆ ಮುಂಬೈ ಉಪನಗರದ ಚಿತ್ರಮಂದಿರವೊಂದರಲ್ಲಿ ನಡೆದ ಇಂಥ ಪ್ರದರ್ಶನದಲ್ಲಿ, ಮಧ್ಯಂತರದ ಹೊತ್ತಿಗಾಗಲೇ ಕತ್ತಲಲ್ಲಿ ಮೊಬೈಲ್ ಪರದೆಗಳು ಬೆಳಗತೊಡಗಿದ್ದವು. ನಾಯಕನ ತಾಯಿ ಸಾಯುವ ದೃಶ್ಯಕ್ಕೆ ಹಿಂದಿನ ಸಾಲಿನವರು ನಕ್ಕರು. ಕೆಲವರು ಲೋಕಲ್ ರೈಲು ತಪ್ಪೀತೆಂದು ಎದ್ದೇ ಹೋದರು. ಆದರೆ ಕೊನೆಗೆ ಬಾಗಿಲಲ್ಲಿ ಮೈಕ್ ಹಿಡಿದು ನಿಂತ ಪ್ರಚಾರ ತಂಡದವರಿಗೆ, ನಕ್ಕವರೇ ‘ಸೂಪರ್, ನೂರು ದಿನ ಗ್ಯಾರಂಟಿ’ ಎಂದು ಹೇಳಿ ಹೊರನಡೆದರು. ಪುಕ್ಕಟೆ ಪಾಸು ಪಡೆದು, ಎದುರಿಗೇ ಕೈಮುಗಿದು ನಿಂತ ನಿರ್ದೇಶಕರ ಮುಖ ನೋಡುತ್ತ ಬೇರೇನು ಹೇಳಲಾದೀತು? ದಾಕ್ಷಿಣ್ಯ ನಮ್ಮವರಿಗೆ ತುಸು ಹೆಚ್ಚೇ.

ಈ ಹೊಗಳಿಕೆಯನ್ನು ನಂಬಿ ಟಿಕೆಟ್ ಕೊಂಡು ನಿರಾಶರಾದ ಹೊರನಾಡಿನ ಕುಟುಂಬಗಳು ಮುಂದೆ ಒಳ್ಳೆಯ ಚಿತ್ರ ಬಂದಾಗಲೂ ಹಿಂಜರಿಯುತ್ತವೆ. ಅಲ್ಲದೆ, ಬಿಡುಗಡೆಯ ಹಿಂದಿನ ದಿನ ದೋಷ ತಿಳಿದರೂ ತಿದ್ದಲು ಸಮಯವಿರುವುದಿಲ್ಲ. ಪ್ರಮಾಣಪತ್ರ ಪಡೆದ ಚಿತ್ರದಲ್ಲಿ ಮಾಡುವ ಬದಲಾವಣೆಗಳನ್ನು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಗೆ ತಿಳಿಸಿ ಅನುಮೋದನೆ ಪಡೆಯಬೇಕಾಗುತ್ತದೆ.

ಆದ್ದರಿಂದ ನಿರ್ಮಾಪಕರು ಸಂಕಲನದ ಹಂತದಲ್ಲೇ ಆಹ್ವಾನಿತರ ಸಣ್ಣ ಗುಂಪಿಗೆ ಖಾಸಗಿಯಾಗಿ ಚಿತ್ರ ತೋರಿಸಿ, ಹೆಸರು ಬರೆಯಬೇಕಿಲ್ಲದ ಚೀಟಿಯಲ್ಲಿ ಎಲ್ಲಿ ಬೇಸರವಾಯಿತೆಂದು ಬರೆಸಿಕೊಳ್ಳಲಿ. ಮುಂಬೈನ ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಂಥ ಕನ್ನಡ ಸಂಸ್ಥೆಗಳು ಇಲ್ಲಿನ ಪ್ರೇಕ್ಷಕರನ್ನು ಕಲೆಹಾಕಲು ನೆರವಾಗಬಹುದು. ಬಾಗಿಲ ಬಳಿಯ ಮೈಕನ್ನು ಮಾತ್ರ ದಯವಿಟ್ಟು ಕೈಬಿಡಲಿ.

– ಚಿತ್ರಪ್ರೇಮಿ ಓದುಗ, ಡೊಂಬಿವಲಿ